ನೋಯುವ ಕಾಲಿಗೆ ಲೈಪೊಸಕ್ಷನ್: ಲಿಪಿಡೀಮಾ ಇರುವ ಮೈಸೂರು–ಮಂಡ್ಯದ ಹೆಣ್ಣುಮಕ್ಕಳಿಗೆ ಸಮಗ್ರ ಮಾರ್ಗದರ್ಶಿ

ಸೊಂಟದ ಮೇಲೆ ಒಬ್ಬಳು, ಸೊಂಟದ ಕೆಳಗೆ ಇನ್ನೊಬ್ಬಳು ಎಂದು ಮದುವೆ ಮನೆಗಳಲ್ಲಿ ಅನ್ನಿಸಿಕೊಂಡವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಅನ್ನ ಬಿಟ್ಟು ಮುದ್ದೆ ಹಿಡಿದದ್ದಾಯಿತು, ರಾತ್ರಿಯೂಟ ಬಿಟ್ಟದ್ದಾಯಿತು, ದಿನಾ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತಿದ್ದೂ ಆಯಿತು. ಮುಖ ಬತ್ತಿತು, ರವಿಕೆ ಸಡಿಲವಾಯಿತು, ತೊಡೆ ಮತ್ತು ಮೀನಖಂಡ ಮಾತ್ರ ಇದ್ದ ಹಾಗೇ ಇವೆ. ಮಗು ತೊಡೆ ಮೇಲೆ ಕೂತರೆ ನೋವು. ಮಂಚದ ಅಂಚು ಸ್ವಲ್ಪ ತಾಗಿದರೂ ಮಾರನೇ ದಿನ ನೀಲಿ ಕಲೆ. ಇಷ್ಟೂ ನಿಮಗೆ ಹೊಂದುತ್ತಿದ್ದರೆ ಅದು ಲಿಪಿಡೀಮಾ ಇರಬಹುದು.

ಇದಕ್ಕೆ ಲೈಪೊಸಕ್ಷನ್, ಅಂದರೆ ಚರ್ಮದಡಿಯ ಕೊಬ್ಬನ್ನು ಕೊಳವೆಯಿಂದ ಹೀರಿ ತೆಗೆಯುವ ಶಸ್ತ್ರಚಿಕಿತ್ಸೆ, ಮಾಡಿಸಿಕೊಳ್ಳಬೇಕೇ ಎಂಬ ಪ್ರಶ್ನೆಗೆ ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನೋವು, ಭಾರ, ನಡೆಯಲಾಗದ ಕಷ್ಟ ಇದ್ದು ಬೇರೆ ಉಪಾಯಗಳಿಂದ ಅವು ಇಳಿಯದಿದ್ದರೆ, ಸರಿಯಾದ ಕೈಯಲ್ಲಿ ಈ ಶಸ್ತ್ರಚಿಕಿತ್ಸೆಯಿಂದ ನಿಜವಾಗಿ ಉಪಯೋಗವಿದೆ. ಕಾಲು ಸಣ್ಣಗೆ ಕಾಣಲಿ ಎಂಬುದೊಂದೇ ಆಸೆಯಾದರೆ, ಅದಕ್ಕಾಗಿ ಹೊರಬೇಕಾದ ಅಪಾಯ ದೊಡ್ಡದಾಯಿತು. ಹಾಗಾಗಿ ಒಂದೊಂದೇ ಹೆಜ್ಜೆ ಇಡೋಣ. ಮೊದಲ ಹೆಜ್ಜೆ ಸರ್ಜನ್ ಹತ್ತಿರ ಹೋಗುವುದಲ್ಲ.

ಹೆಜ್ಜೆ 1: ಇದು ಲಿಪಿಡೀಮಾನೇ ಹೌದೇ?

ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರಾದ ಅಲೆನ್ ಮತ್ತು ಹೈನ್ಸ್ 1940ರಲ್ಲಿ ಈ ಕಾಯಿಲೆಯನ್ನು ಮೊದಲು ವಿವರಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿಯಲ್ಲಿ ಇದಕ್ಕೆ ತನ್ನದೇ ಸಂಕೇತ ಸಂಖ್ಯೆ ಇದೆ. ಆದರೂ ಎಷ್ಟೋ ಕಡೆ ಈಗಲೂ ‘ತೂಕ ಇಳಿಸಿಕೊಳ್ಳಿ ಅಮ್ಮಾ’ ಎಂಬ ಒಂದೇ ಮಾತಿನಲ್ಲಿ ತಪಾಸಣೆ ಮುಗಿಯುತ್ತದೆ.

ಇದು ಚರ್ಮದಡಿಯ ಕೊಬ್ಬಿನ ಕಾಯಿಲೆ. ಹೆಚ್ಚುಕಡಿಮೆ ಹೆಂಗಸರಿಗೆ ಮಾತ್ರ ಬರುತ್ತದೆ. ದೊಡ್ಡವಳಾದಾಗ, ಬಸುರಿನಲ್ಲಿ ಅಥವಾ ಮುಟ್ಟು ನಿಲ್ಲುವ ಹೊತ್ತಿಗೆ ಶುರುವಾಗುವುದು ಅಥವಾ ಜೋರಾಗುವುದು ಸಾಮಾನ್ಯ. ಅಮ್ಮ, ದೊಡ್ಡಮ್ಮ, ಸೋದರತ್ತೆಯರ ಕಾಲುಗಳನ್ನು ನೆನಪಿಸಿಕೊಳ್ಳಿ, ಬಹಳ ಮನೆಗಳಲ್ಲಿ ಇದು ವಂಶದಲ್ಲಿ ಇಳಿದು ಬಂದಿರುತ್ತದೆ.

ಮನೆಯಲ್ಲೇ ನೋಡಿಕೊಳ್ಳಬಹುದಾದ ಗುರುತುಗಳಿವೆ. ಎರಡು ಕಾಲೂ ಒಂದೇ ಸಮ ದಪ್ಪ ಇರುತ್ತವೆ. ಈ ದಪ್ಪವು ಗೆಜ್ಜೆ ಕಟ್ಟುವ ಜಾಗದವರೆಗೆ ಬಂದು, ಅಲ್ಲಿ ಬಳೆ ತೊಡಿಸಿದಂತೆ ತಟ್ಟನೆ ನಿಂತುಬಿಡುತ್ತದೆ, ಪಾದ ತೆಳ್ಳಗೇ ಉಳಿಯುತ್ತದೆ. ಒತ್ತಿದರೆ ನೋಯುತ್ತದೆ. ಹಿಸುಕಿ ನೋಡಿದರೆ ಒಳಗೆ ಸಣ್ಣ ಸಣ್ಣ ಗಂಟು ಸಿಗಬಹುದು. ಕೆಲವರಿಗೆ ತೋಳಿನಲ್ಲೂ ಹೀಗೇ ಆಗುತ್ತದೆ: ರವಿಕೆ ತೋಳು ಹತ್ತುವುದಿಲ್ಲ, ಕೈ ಮಣಿಕಟ್ಟು ಮಾತ್ರ ಸಣ್ಣಗಿರುತ್ತದೆ.

ಇನ್ನೊಂದು ಪರೀಕ್ಷೆ ನಮ್ಮ ಹೆಂಗಸರಿಗೆ ಬಲು ಸುಲಭ. ವೈದ್ಯರು ಇದನ್ನು ಸ್ಟೆಮ್ಮರ್ ಪರೀಕ್ಷೆ ಎನ್ನುತ್ತಾರೆ. ಹೆಬ್ಬೆರಳಿನ ಪಕ್ಕದ ಬೆರಳು, ಅಂದರೆ ಕಾಲುಂಗುರದ ಬೆರಳಿನ ಬುಡದ ಚರ್ಮವನ್ನು ಚಿವುಟಿ ಮೇಲೆತ್ತಿ ನೋಡುವುದು. ಲಿಪಿಡೀಮಾದಲ್ಲಿ ಚರ್ಮ ಸಲೀಸಾಗಿ ಮೇಲೇಳುತ್ತದೆ. ದುಗ್ಧರಸ, ಅಂದರೆ ಮೈಯೊಳಗೆ ತನ್ನದೇ ನಾಳಗಳಲ್ಲಿ ಹರಿಯುವ ತಿಳಿ ದ್ರವ, ಕಟ್ಟಿಕೊಂಡು ಬರುವ ಲಿಂಫಿಡೀಮಾದಲ್ಲಿ ಅದು ದಪ್ಪಗಾಗಿ ಚಿವುಟಲು ಸಿಗುವುದೇ ಇಲ್ಲ. ಆನೆಕಾಲು ರೋಗವೂ ಈ ಎರಡನೇ ಗುಂಪಿನದೇ. ಅದರಲ್ಲಿ ಪಾದವೂ ಊದುತ್ತದೆ, ಕಾಲುಂಗುರ ಸಿಕ್ಕಿಹಾಕಿಕೊಳ್ಳುತ್ತದೆ, ಸಾಮಾನ್ಯವಾಗಿ ಒಂದು ಕಾಲು ಇನ್ನೊಂದಕ್ಕಿಂತ ದಪ್ಪ ಇರುತ್ತದೆ. ನಮ್ಮ ರಾಜ್ಯದಲ್ಲಿ ಆನೆಕಾಲು ರೋಗ ಹೆಚ್ಚಾಗಿ ಕಂಡದ್ದು ಕರಾವಳಿಯಲ್ಲಿ ಮತ್ತು ಕಲಬುರಗಿ, ಬೀದರ್, ರಾಯಚೂರು ಕಡೆ. ಮಂಡ್ಯದ ಹೆಣ್ಣುಮಗಳೊಬ್ಬಳ ಎರಡೂ ಕಾಲು ಸಮನಾಗಿ ದಪ್ಪವಿದ್ದು ಪಾದ ಸಪೂರವಾಗಿದ್ದರೆ, ಊರಿನವರು ‘ಆನೆಕಾಲು’ ಎಂದು ಪಿಸುಗುಟ್ಟುವುದಕ್ಕೆ ಅರ್ಥವೇ ಇಲ್ಲ.

ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುವ ಊತ ಬೇರೆ ಕಥೆ ಹೇಳುತ್ತದೆ. ಹೃದಯ, ಮೂತ್ರಪಿಂಡ, ಯಕೃತ್ತು ಇವುಗಳಲ್ಲಿ ಯಾವುದೋ ಒಂದರ ತೊಂದರೆ ಇರಬಹುದು. ಒಂದೇ ಕಾಲು ಒಂದೆರಡು ದಿನದಲ್ಲಿ ಊದಿ, ಬಿಸಿಯಾಗಿ ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಆಗ ಇದನ್ನು ಓದುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಹೆಜ್ಜೆ 2: ಯಾರಿಗೆ ತೋರಿಸುವುದು

ಲಿಪಿಡೀಮಾವನ್ನು ಖಚಿತಪಡಿಸುವ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನೂ ಇಲ್ಲ. ಕೇಳಿ, ನೋಡಿ, ಮುಟ್ಟಿಯೇ ಹೇಳಬೇಕು. ಮಿಕ್ಕ ಪರೀಕ್ಷೆಗಳು ಬೇರೆ ಕಾಯಿಲೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು: ಥೈರಾಯ್ಡ್, ಹಿಮೊಗ್ಲೋಬಿನ್, ಕ್ರಿಯಾಟಿನಿನ್, ಆಲ್ಬುಮಿನ್, ಸಕ್ಕರೆ, ಮೂತ್ರ, ಜೊತೆಗೆ ಕಾಲಿನ ಅಭಿಧಮನಿಗಳಲ್ಲಿ ರಕ್ತ ಹರಿಯುವುದನ್ನು ನೋಡುವ ಡಾಪ್ಲರ್ ಸ್ಕ್ಯಾನ್.

ಮೊದಲು ಮೆಡಿಸಿನ್ ವಿಭಾಗದಲ್ಲಿ ತೋರಿಸಿ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್, ನಾಗಮಂಗಲ ಕಡೆಯವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ. ಇವೆಲ್ಲ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು, ಮೇಲಿನ ಪರೀಕ್ಷೆಗಳಿಗೆ ಬೆಂಗಳೂರಿಗೆ ಓಡಬೇಕಾಗಿಲ್ಲ. ವೈದ್ಯರಿಗೆ ಈ ಕಾಯಿಲೆಯ ಪರಿಚಯ ಕಡಿಮೆ ಎನ್ನಿಸಿದರೆ ಸಂಕೋಚ ಬೇಡ. ‘ಸಾರ್, ಪಾದ ಊದಿಲ್ಲ, ಮುಟ್ಟಿದರೆ ನೋವು, ಪಥ್ಯಕ್ಕೆ ಕಾಲು ಇಳಿಯಲಿಲ್ಲ, ಅಮ್ಮನಿಗೂ ಹೀಗೇ ಇತ್ತು, ಲಿಪಿಡೀಮಾ ಇರಬಹುದಾ?’ ಎಂದು ಕೇಳಿ. ಈ ನಾಲ್ಕು ಸಂಗತಿ ಒಟ್ಟಿಗೆ ಕೇಳಿದ ವೈದ್ಯರು ಕಾಲಿನತ್ತ ಇನ್ನೊಮ್ಮೆ ಕಣ್ಣು ಹಾಯಿಸುತ್ತಾರೆ. ಚೀಟಿಯಲ್ಲಿ ರೋಗದ ಹೆಸರು ಬರೆಸಿಕೊಳ್ಳಿ, ಮುಂದೆ ವಿಮೆಗೆ ಬೇಕಾಗುತ್ತದೆ.

ಹೆಜ್ಜೆ 3: ಮೊದಲು ಆರು ತಿಂಗಳು ಕತ್ತರಿ ಮುಟ್ಟದ ಚಿಕಿತ್ಸೆ

ಜರ್ಮನಿಯಲ್ಲಿ ಸಾರ್ವಜನಿಕ ವಿಮೆ ಈ ಶಸ್ತ್ರಚಿಕಿತ್ಸೆಗೆ ಹಣ ಕೊಡಬೇಕಾದರೆ ಆರು ತಿಂಗಳು ಬೇರೆ ಚಿಕಿತ್ಸೆ ಮಾಡಿ, ಅದು ಸಾಲಲಿಲ್ಲ ಎಂದು ತೋರಿಸಬೇಕು. ನಮಗೂ ಅದು ಒಳ್ಳೆಯ ನಿಯಮ.

ಇದರಲ್ಲಿ ಮುಖ್ಯವಾದದ್ದು ಒತ್ತಡದ ಕಾಲುಚೀಲ. ಮೆಡಿಕಲ್ ಶಾಪಿನಲ್ಲಿ ಸಿಗುವ ನುಣುಪಾದ, ಗುಂಡು ಹೆಣಿಗೆಯದು ತೊಡೆ ಮಡಿಕೆಗಳಲ್ಲಿ ಸುರುಳಿ ಸುತ್ತಿ ಕಚ್ಚುತ್ತದೆ. ಹಿಂದೆ ಹೊಲಿಗೆ ಗೆರೆ ಇರುವ, ಅಳತೆ ಕೊಟ್ಟು ಮಾಡಿಸುವ ಫ್ಲ್ಯಾಟ್ ನಿಟ್ ಚೀಲ ವಾಸಿ, ದುಬಾರಿಯೂ ಹೌದು. ಏಪ್ರಿಲ್‌ನ ಮಂಡ್ಯದ ಬಿಸಿಲಿನಲ್ಲಿ ಇದನ್ನು ದಿನವಿಡೀ ಹಾಕಿಕೊಳ್ಳಿ ಎನ್ನುವುದು ಹೇಳಿದಷ್ಟು ಸುಲಭವಲ್ಲ. ಬೆಳಗ್ಗೆ ಏಳುತ್ತಲೇ ಹಾಕಿಕೊಂಡು, ಕೆಲಸದ ಹೊತ್ತು ಕಳೆದು, ಮಧ್ಯಾಹ್ನ ಒಂದೆರಡು ಗಂಟೆ ಬಿಟ್ಟರೂ ಪರವಾಗಿಲ್ಲ. ಏನೂ ಹಾಕದೇ ಇರುವುದಕ್ಕಿಂತ ಇದು ಎಷ್ಟೋ ಮೇಲು.

ವ್ಯಾಯಾಮದಲ್ಲಿ ನೀರಿನೊಳಗೆ ನಡೆಯುವುದು ಎಲ್ಲಕ್ಕಿಂತ ಹಿತ. ನೀರಿನ ಒತ್ತಡವೇ ಕಾಲುಚೀಲದ ಕೆಲಸ ಮಾಡುತ್ತದೆ, ಮಂಡಿಗೆ ಭಾರ ಬೀಳುವುದಿಲ್ಲ. ಸರಸ್ವತಿಪುರಂನ ವಿಶ್ವವಿದ್ಯಾನಿಲಯದ ಈಜುಕೊಳದಂಥ ಕಡೆ ಹೆಂಗಸರ ಸಮಯ ಯಾವಾಗ ಎಂದು ವಿಚಾರಿಸಿ. ಈಜು ಬರಲೇಬೇಕೆಂದಿಲ್ಲ, ಎದೆಮಟ್ಟದ ನೀರಿನಲ್ಲಿ ನಡೆದರೆ ಸಾಕು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹರಕೆಗೆ ಸರಿ, ನೋಯುವ ಮಂಡಿಗೆ ದಿನಾ ಬೇಡ.

ದುಗ್ಧರಸ ಹರಿಯಲೆಂದು ಫಿಜಿಯೊಥೆರಪಿಸ್ಟ್ ಮಾಡುವ ಹಗುರ ಮಸಾಜ್‌ನಿಂದ ನೋವು ಇಳಿಯುತ್ತದೆ. ಎಣ್ಣೆ ಹಚ್ಚಿ ಗಟ್ಟಿಯಾಗಿ ನೀವುವ ಮಾಲೀಶಿನಿಂದ ಮೂಗೇಟೇ ಆಗುವುದು. ಊಟದ ವಿಷಯವನ್ನು ನೇರವಾಗಿ ಹೇಳಬೇಕು: ಪಥ್ಯದಿಂದ ಲಿಪಿಡೀಮಾದ ಕೊಬ್ಬು ಅಷ್ಟಾಗಿ ಕರಗುವುದಿಲ್ಲ, ಆದರೆ ಅದರ ಮೇಲೆ ಸೇರಿಕೊಂಡ ಸಾಮಾನ್ಯ ಬೊಜ್ಜು ಕರಗುತ್ತದೆ, ನೋವೂ ಎಷ್ಟೋ ಜನರಿಗೆ ತಗ್ಗುತ್ತದೆ.

ಎರಡು ವಸ್ತುಗಳಿಗೆ ದುಡ್ಡು ಸುರಿಯಬೇಡಿ. ಒಂದು, ವರ್ಷಗಟ್ಟಲೆ ನುಂಗುವ ನೀರಿನ ಮಾತ್ರೆ. ಇಲ್ಲಿ ತುಂಬಿರುವುದು ಕೊಬ್ಬು, ನೀರಲ್ಲ. ಮೂತ್ರಕ್ಕೆ ಓಡಿ ಓಡಿ ಪೊಟ್ಯಾಸಿಯಂ ಇಳಿಯುತ್ತದೆಯೇ ಹೊರತು ಕಾಲು ಇಳಿಯುವುದಿಲ್ಲ. ಇನ್ನೊಂದು, ಕೊಬ್ಬು ಕರಗಿಸುವ ಚುಚ್ಚುಮದ್ದು, ಕೊಬ್ಬು ಹೆಪ್ಪುಗಟ್ಟಿಸುವ ಯಂತ್ರ ಎಂದು ಬ್ಯೂಟಿ ಕ್ಲಿನಿಕ್‌ಗಳು ಮಾರುವ ಪ್ಯಾಕೇಜು.

ಈ ಆರು ತಿಂಗಳು ಒಂದು ನೋಟ್‌ಬುಕ್ ಇಡಿ. ವಾರಕ್ಕೊಮ್ಮೆ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಿ. ಮೀನಖಂಡ ಮತ್ತು ತೊಡೆಯ ಸುತ್ತಳತೆಯನ್ನು ಪ್ರತಿಸಲ ಒಂದೇ ಜಾಗದಲ್ಲಿ ಟೇಪ್ ಇಟ್ಟು ಬರೆಯಿರಿ. ತೂಕ, ಸೊಂಟದ ಸುತ್ತಳತೆಯೂ ಇರಲಿ. ನಿರ್ಧಾರದ ದಿನ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಹೆಜ್ಜೆ 4: ಲಾಭ ಏನು, ಎಷ್ಟು ನಂಬಬಹುದು

ಲಿಪಿಡೀಮಾಕ್ಕೆ ಮಾಡುವ ಲೈಪೊಸಕ್ಷನ್‌ನಲ್ಲಿ ಮೊದಲು ಲಿಗ್ನೊಕೇನ್ ಎಂಬ ಜೋಮು ಹಿಡಿಸುವ ಔಷಧ ಮತ್ತು ಅಡ್ರಿನಲಿನ್ ಬೆರೆಸಿದ ಲೀಟರ್‌ಗಟ್ಟಲೆ ಸಲೈನ್ ಅನ್ನು ಚರ್ಮದಡಿ ತುಂಬುತ್ತಾರೆ. ಇದೇ ಟ್ಯೂಮೆಸೆಂಟ್ ವಿಧಾನ, 1980ರ ದಶಕದಲ್ಲಿ ಅಮೆರಿಕದ ಚರ್ಮವೈದ್ಯ ಜೆಫ್ರಿ ಕ್ಲೈನ್ ರೂಪಿಸಿದ್ದು. ಅಡ್ರಿನಲಿನ್‌ನಿಂದ ರಕ್ತನಾಳ ಸಂಕುಚಿತವಾಗಿ ರಕ್ತಸ್ರಾವ ತಗ್ಗುತ್ತದೆ. ಆಮೇಲೆ ಕೆಲವೇ ಮಿಲಿಮೀಟರಿನ ರಂಧ್ರಗಳಿಂದ ಮೊಂಡು ತುದಿಯ ಕೊಳವೆ ತೂರಿಸಿ ಕೊಬ್ಬು ಹೀರುತ್ತಾರೆ. ಕೊಳವೆ ಕಂಪಿಸುವ ಪವರ್ ಅಸಿಸ್ಟೆಡ್ ವಿಧಾನ, ನೀರಿನ ಧಾರೆಯಿಂದ ಕೊಬ್ಬು ಸಡಿಲಿಸುವ ವಾಟರ್ ಜೆಟ್ ವಿಧಾನ ಎರಡೂ ಬಳಕೆಯಲ್ಲಿವೆ. ದುಗ್ಧನಾಳಗಳು ಕಾಲಿನ ಉದ್ದಕ್ಕೆ ಹರಿಯುವುದರಿಂದ ಕೊಳವೆಯೂ ಉದ್ದಕ್ಕೇ ಓಡಾಡಬೇಕು, ಅಡ್ಡಡ್ಡ ಅಲ್ಲ.

ಸಿಗುವ ಲಾಭದಲ್ಲಿ ಮೊದಲನೆಯದು ನೋವು ಇಳಿಯುವುದು. ಮೂಗೇಟಾಗುವುದು ಕಡಿಮೆಯಾಗುತ್ತದೆ, ತೊಡೆ ಉಜ್ಜಿ ಹುಣ್ಣಾಗುವುದು ನಿಲ್ಲುತ್ತದೆ, ನಡಿಗೆ ಹಗುರಾಗುತ್ತದೆ. ಕಾಲುಚೀಲ ಮತ್ತು ಮಸಾಜಿನ ಅಗತ್ಯವೂ ಹಲವರಿಗೆ ತಗ್ಗುತ್ತದೆ. ಗದ್ದೆ ಕೆಲಸ, ಹಾಲು ಕರೆಯಲು ಕುಕ್ಕರಗಾಲಲ್ಲಿ ಕೂರುವುದು, ಅಂಗನವಾಡಿಯಲ್ಲಿ ನೆಲದ ಮೇಲೆ ಕೂತು ಏಳುವುದು ಇಂಥವು ಸಲೀಸಾದರೆ ಅದೇನು ಸಣ್ಣ ಮಾತಲ್ಲ.

ಪುರಾವೆ ಎಷ್ಟಿದೆ? ಜರ್ಮನಿಯ ಲ್ಯೂಬೆಕ್‌ನ ವೈದ್ಯರು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 60 ಮಹಿಳೆಯರನ್ನು ಸರಾಸರಿ 12 ವರ್ಷಗಳ ನಂತರ ವಿಚಾರಿಸಿದಾಗ ನೋವಿನ ಇಳಿಕೆ ಬಹುಮಟ್ಟಿಗೆ ಉಳಿದುಕೊಂಡಿತ್ತು. ಆದರೆ ಅಲ್ಲಿ ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ. ಚಿಕಿತ್ಸೆಗಳ ಪುರಾವೆ ತೂಗಿ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಪುರಾವೆ ಸಾಲದು, ಸಂಶೋಧನೆಯ ಚೌಕಟ್ಟಿನಲ್ಲಷ್ಟೇ ಮಾಡಿ ಎಂದಿತು. ಜರ್ಮನಿ ಬೇರೆ ದಾರಿ ಹಿಡಿಯಿತು. 2019ರಲ್ಲಿ ಮೂರನೇ ಹಂತದ, ಅಂದರೆ ಕೊಬ್ಬು ದೊಡ್ಡ ಮಡಿಕೆಗಳಾಗಿ ಜೋತುಬಿದ್ದ ಲಿಪಿಡೀಮಾಕ್ಕೆ ಮಾತ್ರ ಸಾರ್ವಜನಿಕ ವಿಮೆಯ ಹಣ ಒದಗಿಸಿ, ಜೊತೆಗೇ ಲಿಪ್‌ಲೆಗ್ ಎಂಬ ಅಧ್ಯಯನ ಹೂಡಿತು. ಅದರಲ್ಲಿ ಒಂದು ಗುಂಪಿಗೆ ಲೈಪೊಸಕ್ಷನ್, ಇನ್ನೊಂದಕ್ಕೆ ಕಾಲುಚೀಲ–ಮಸಾಜಿನ ಚಿಕಿತ್ಸೆ ಮಾತ್ರ ಕೊಟ್ಟು ಹೋಲಿಸಿದರು. ನೋವಿನ ವಿಷಯದಲ್ಲಿ ಲೈಪೊಸಕ್ಷನ್ ಗುಂಪು ಸ್ಪಷ್ಟವಾಗಿ ಮುಂದಿತ್ತು. ಅದನ್ನು ನೋಡಿ 2025ರ ಜುಲೈನಲ್ಲಿ ಎಲ್ಲಾ ಹಂತಗಳಿಗೂ, ಷರತ್ತುಗಳೊಂದಿಗೆ, ವಿಮೆ ವಿಸ್ತರಿಸುವ ತೀರ್ಮಾನವಾಯಿತು. ನನ್ನ ಮಟ್ಟಿಗೆ ತಕ್ಕಡಿ ವಾಲಿಸಿದ್ದು ಇದೇ.

ಆಗದೇ ಇರುವುದನ್ನೂ ತಿಳಿದಿರಿ. ಕಾಯಿಲೆ ಬುಡಸಮೇತ ಹೋಗುವುದಿಲ್ಲ. ಕೊಬ್ಬು ತೆಗೆದ ಚರ್ಮ ಜೋತುಬೀಳಬಹುದು, ವಯಸ್ಸಾದವರಲ್ಲಿ ಮತ್ತು ಮೂರನೇ ಹಂತದವರಲ್ಲಿ ಇದು ಹೆಚ್ಚು. ತೂಕದ ಯಂತ್ರದ ಮುಳ್ಳು ಅಂದುಕೊಂಡಷ್ಟು ಕೆಳಗಿಳಿಯುವುದೂ ಇಲ್ಲ. ಒಂದೇ ಸಲಕ್ಕೆ ಮುಗಿಯುವ ಕೆಲಸವೂ ಅಲ್ಲ. ಸಾಮಾನ್ಯವಾಗಿ ಎರಡರಿಂದ ನಾಲ್ಕು ಸಲ, ವಾರಗಳ ಅಥವಾ ತಿಂಗಳುಗಳ ಅಂತರದಲ್ಲಿ.

ಹೆಜ್ಜೆ 5: ಅಪಾಯಗಳನ್ನು ಒಂದೊಂದಾಗಿ ನೋಡಿ

2022ರ ಮೇ ತಿಂಗಳಲ್ಲಿ ಬೆಂಗಳೂರಿನ ಖಾಸಗಿ ಚಿಕಿತ್ಸಾಲಯವೊಂದರಲ್ಲಿ ಕೊಬ್ಬು ತೆಗೆಸಿಕೊಂಡ ಕಿರುತೆರೆಯ ಯುವನಟಿಯೊಬ್ಬರು ತೀರಿಕೊಂಡ ಸುದ್ದಿ ನಿಮಗೆ ನೆನಪಿರಬಹುದು. ಶ್ವಾಸಕೋಶದಲ್ಲಿ ನೀರು ತುಂಬಿಕೊಂಡಿತು, ಬೇರೆ ಆಸ್ಪತ್ರೆಗೆ ಒಯ್ಯಬೇಕಾಯಿತು ಎಂದು ಪತ್ರಿಕೆಗಳಲ್ಲಿ ಬಂದಿತ್ತು. ಅವರಿಗಿದ್ದದ್ದು ಲಿಪಿಡೀಮಾ ಅಲ್ಲ, ಆದರೆ ಈ ಶಸ್ತ್ರಚಿಕಿತ್ಸೆ ಪಾರ್ಲರಿನ ಕೆಲಸವಲ್ಲ ಎಂಬುದು ಅವತ್ತು ಊರಿಗೆಲ್ಲ ಗೊತ್ತಾಯಿತು.

ಶ್ವಾಸಕೋಶದಲ್ಲಿ ನೀರು ಯಾಕೆ ತುಂಬುತ್ತದೆ? ಚರ್ಮದಡಿ ತುಂಬಿದ ಸಲೈನ್ ಪೂರ್ತಿ ಹೊರಬರುವುದಿಲ್ಲ. ದೊಡ್ಡ ಪಾಲು ಒಳಗೇ ಉಳಿದು ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಅದರ ಮೇಲೆ ಕೈಗೆ ಬಾಟಲಿಯ ಮೇಲೆ ಬಾಟಲಿ ಡ್ರಿಪ್ ಹಾಕಿದರೆ ಹೃದಯಕ್ಕೆ ತಾಳಲಾರದ ಹೊರೆ. ಹಾಗಾಗಿ ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು, ಮೂತ್ರ ಎಷ್ಟು ಎಂದು ಲೆಕ್ಕ ಇಡುವ ಅರಿವಳಿಕೆ ತಜ್ಞರು ಇರಲೇಬೇಕು. ಒಂದೇ ದಿನ ಐದು ಲೀಟರ್ ಮೀರಿ ಹೀರಿದರೆ ಅದನ್ನು ಭಾರೀ ಪ್ರಮಾಣದ ಲೈಪೊಸಕ್ಷನ್ ಎಂದು ಪರಿಗಣಿಸುತ್ತಾರೆ. ಅಂಥದ್ದು ರಾತ್ರಿ ಇಡೀ ನಿಗಾ ಇಡಬಲ್ಲ ಆಸ್ಪತ್ರೆಯಲ್ಲೇ ಆಗಬೇಕು.

ಎರಡನೆಯದು ಲಿಗ್ನೊಕೇನ್ ವಿಷವೇರುವುದು. ಟ್ಯೂಮೆಸೆಂಟ್ ವಿಧಾನದಲ್ಲಿ ದೇಹದ ಪ್ರತಿ ಕಿಲೋಗೆ 55 ಮಿಲಿಗ್ರಾಂ ಮೇಲಿನ ಮಿತಿ. ಹೆಚ್ಚು ಎಚ್ಚರದವರು 35ಕ್ಕೇ ನಿಲ್ಲುತ್ತಾರೆ. 70 ಕಿಲೋ ತೂಕದವರಿಗೆ ಇದು 3,850 ಮತ್ತು 2,450 ಮಿಲಿಗ್ರಾಂ ಆಗುತ್ತದೆ. ಒಂದು ಲೀಟರ್ ದ್ರಾವಣದಲ್ಲಿ 500ರಿಂದ 1,000 ಮಿಲಿಗ್ರಾಂ ಇರುವುದರಿಂದ, ಎರಡು ಕಾಲೂ ತೋಳೂ ಒಂದೇ ದಿನ ಮುಗಿಸುತ್ತೇವೆ ಎನ್ನುವವರ ಲೆಕ್ಕ ಹೇಗೆ ಕೂಡುತ್ತದೆ ಎಂದು ನೀವೇ ಹಾಕಿ ನೋಡಿ. ಇನ್ನೊಂದು ವಿಷಯ: ರಕ್ತದಲ್ಲಿ ಈ ಔಷಧ ತುತ್ತತುದಿಗೆ ಏರುವುದು ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಲ್ಲ, ಸುಮಾರು 8ರಿಂದ 16 ಗಂಟೆಗಳ ನಂತರ. ಅಂದರೆ ಆ ರಾತ್ರಿ. ತುಟಿ, ನಾಲಿಗೆ ಜೋಮು, ಬಾಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಮಾತು ತೊದಲುವುದು, ಆಮೇಲೆ ಫಿಟ್ಸ್. ಅರಿತ್ರೊಮೈಸಿನ್, ಕ್ಲಾರಿತ್ರೊಮೈಸಿನ್, ಕೆಟೊಕೊನಜೋಲ್‌ನಂಥ ಮಾತ್ರೆಗಳು ಯಕೃತ್ತಿನಲ್ಲಿ ಲಿಗ್ನೊಕೇನ್ ಕರಗುವುದನ್ನು ತಡೆಯುತ್ತವೆ. ಗಂಟಲು ನೋವಿಗೋ, ಚರ್ಮದ ಹುಳಕಡ್ಡಿಗೋ ಮಾತ್ರೆ ನುಂಗುತ್ತಿದ್ದರೆ ಹೇಳದೇ ಇರಬೇಡಿ.

ಮೂರನೆಯದು ಹೆಪ್ಪು. ಕಾಲಿನ ನಾಳದಲ್ಲಿ ಕಟ್ಟಿದ ರಕ್ತದ ಹೆಪ್ಪು ಶ್ವಾಸಕೋಶಕ್ಕೆ ಹಾರಿದರೆ ನಿಮಿಷಗಳಲ್ಲಿ ಪ್ರಾಣಕ್ಕೆ ಬರುತ್ತದೆ. ಈಸ್ಟ್ರೊಜನ್ ಇರುವ ಗರ್ಭನಿರೋಧಕ ಮಾತ್ರೆ, ದಪ್ಪ ಶರೀರ, ಹಿಂದೆ ಹೆಪ್ಪುಗಟ್ಟಿದ್ದ ಇತಿಹಾಸ, ಮನೆಯಲ್ಲಿ ಯಾರಿಗಾದರೂ ಹಾಗೆ ಆಗಿದ್ದದ್ದು ಇವೆಲ್ಲ ಅಪಾಯ ಹೆಚ್ಚಿಸುತ್ತವೆ. ಒಡೆದ ಕೊಬ್ಬಿನ ಕಣಗಳೇ ರಕ್ತಕ್ಕೆ ಸೇರುವ ಫ್ಯಾಟ್ ಎಂಬಾಲಿಸಂ ಅಪರೂಪ, ಆದರೆ ಅದಕ್ಕೆ ನೇರ ಔಷಧವಿಲ್ಲ.

ಸೋಂಕು ಸಾಮಾನ್ಯವಾಗಿ ಸಣ್ಣದಾಗಿರುತ್ತದೆ. ಬಹಳ ಅಪರೂಪಕ್ಕೆ ಚರ್ಮದಡಿಯ ಪದರವನ್ನೇ ಕೊಳೆಸುತ್ತಾ ಹೋಗುವಂಥದ್ದು ಬರುತ್ತದೆ. ಕಾಣುವ ಗಾಯ ಚಿಕ್ಕದು, ನೋವು ವಿಪರೀತ, ಜ್ವರ, ಚರ್ಮ ಕಪ್ಪು–ನೇರಳೆಗೆ ತಿರುಗುವುದು ಅದರ ಲಕ್ಷಣ. ಇದರಲ್ಲಿ ನಾಳೆ ತೋರಿಸೋಣ ಎನ್ನುವಂತಿಲ್ಲ. ರಕ್ತಹೀನತೆ, ನೀರ್ಗುಳ್ಳೆಯಂತೆ ದ್ರವ ಸೇರಿಕೊಳ್ಳುವುದು, ತಿಂಗಳುಗಟ್ಟಲೆ ಜೋಮು, ಏರುತಗ್ಗು ಚರ್ಮ, ರಂಧ್ರದ ಕಪ್ಪು ಕಲೆ ಇವು ಜೀವಕ್ಕೆ ಬರುವಂಥವಲ್ಲ, ಸಾಮಾನ್ಯವಾಗಿ ಕಾಣುವಂಥವು. ದುಗ್ಧನಾಳಗಳಿಗೆ ಪೆಟ್ಟಾದರೆ ಮಾತ್ರ ಇಲ್ಲದ ಲಿಂಫಿಡೀಮಾವನ್ನು ಕೊಂಡುತಂದಂತೆ.

ಹೆಜ್ಜೆ 6: ಯಾರು ಸದ್ಯಕ್ಕೆ ಬೇಡ ಎನ್ನಬೇಕು

ಹಿಮೊಗ್ಲೋಬಿನ್ ಕಡಿಮೆ ಇರುವವರು ಮೊದಲು ಅದನ್ನು ಏರಿಸಿಕೊಳ್ಳಿ. ನಮ್ಮ ಹೆಂಗಸರಲ್ಲಿ ಇದು ಎಷ್ಟು ಸಾಮಾನ್ಯವೆಂದರೆ, ಸುಸ್ತೇ ಸಹಜ ಅಂದುಕೊಂಡು ಬದುಕುತ್ತಾರೆ. ಸಕ್ಕರೆ, ಥೈರಾಯ್ಡ್ ಹತೋಟಿಯಲ್ಲಿಲ್ಲದವರು, ಹೃದಯದ ತೊಂದರೆ ಇರುವವರು, ಹಾಲೂಡಿಸುತ್ತಿರುವವರು, ಸದ್ಯದಲ್ಲೇ ಬಸುರಿಯಾಗಬೇಕು ಎಂದಿರುವವರು ಮುಂದೂಡುವುದು ಒಳ್ಳೆಯದು, ಬಸುರಿನಲ್ಲಿ ಕಾಯಿಲೆ ಮತ್ತೆ ಕೆರಳಬಹುದು. ಎತ್ತರಕ್ಕೆ ತೂಕವನ್ನು ಹೋಲಿಸುವ ಬಿಎಂಐ ಸೂಚಿ 35 ದಾಟಿ, ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಬಹಳ ಹೆಚ್ಚಿದ್ದರೆ ಲಿಪಿಡೀಮಾದ ಜೊತೆ ಬೊಜ್ಜೂ ಇದೆ ಎಂದರ್ಥ. ಅದಕ್ಕೆ ಮೊದಲು ಚಿಕಿತ್ಸೆ ಆಗಲಿ. ತೂಕ ಏರುತ್ತಲೇ ಇರುವಾಗ ಮಾಡಿಸಿದರೆ ಹಣವೂ ನೋವೂ ದಂಡ.

ಮದುವೆ ಗೊತ್ತಾಗಿದೆ, ಅಷ್ಟರೊಳಗೆ ಆಗಬೇಕು ಎಂದು ಮನೆಯವರು ಒತ್ತಾಯಿಸಿ ಕರೆತರುವ ಹುಡುಗಿಯರೂ ಇದ್ದಾರೆ. ಆ ಅವಸರ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಕಾರಣವಾಗಬಾರದು.

ಹೆಜ್ಜೆ 7: ಸರ್ಜನ್ ಎದುರು ಕೂತಾಗ

ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ ಮಾಡಿದವರನ್ನೇ ಹುಡುಕಿ. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಲು ನಾಚಬೇಕಾಗಿಲ್ಲ. ಖಾಸಗಿ ಆಸ್ಪತ್ರೆಯಾದರೆ, ಅಂಥ ಆಸ್ಪತ್ರೆಗಳಿಗೆಂದೇ ರಾಜ್ಯದಲ್ಲಿರುವ ಕೆಪಿಎಂಇ ಕಾಯ್ದೆಯಡಿ ಪಡೆದ ನೋಂದಣಿ ಪತ್ರ ಕಣ್ಣಿಗೆ ಕಾಣುವ ಹಾಗೆ ಹಾಕಿರಬೇಕು. ಗೋಡೆ ಮೇಲೆ ಬರೀ ಮೊದಲು–ಆಮೇಲಿನ ಫೋಟೋಗಳೇ ಇದ್ದರೆ ಹುಷಾರು.

ಹೀಗೆ ಕೇಳಿ. ಲಿಪಿಡೀಮಾಕ್ಕೆಂದೇ ಎಷ್ಟು ಜನರಿಗೆ ಮಾಡಿದ್ದೀರಿ, ಬರೀ ಹೊಟ್ಟೆ–ಸೊಂಟದ ಕೊಬ್ಬು ತೆಗೆದ ಅನುಭವವೇ? ಒಂದು ಸಲಕ್ಕೆ ಎಷ್ಟು ಲೀಟರ್, ಅದರಲ್ಲಿ ಕೊಬ್ಬೆಷ್ಟು ನೀರೆಷ್ಟು? ಲಿಗ್ನೊಕೇನ್ ನನ್ನ ತೂಕಕ್ಕೆ ಎಷ್ಟು? ಅರಿವಳಿಕೆ ಯಾವ ಬಗೆಯದು, ಯಾರು ಕೊಡುತ್ತಾರೆ? ಐಸಿಯು ಇದೇ ಕಟ್ಟಡದಲ್ಲಿದೆಯೇ? ಹೆಪ್ಪುಗಟ್ಟದಿರಲು ಚುಚ್ಚುಮದ್ದು ಕೊಡುತ್ತೀರಾ? ರಾತ್ರಿ ಎರಡು ಗಂಟೆಗೆ ಉಸಿರುಕಟ್ಟಿದರೆ ಯಾರ ಫೋನಿಗೆ ಕರೆ ಮಾಡಲಿ?

ಈ ಪ್ರಶ್ನೆಗಳಿಗೆ ಮುಖ ಗಂಟಿಕ್ಕುವವರು ಬೇಡ. ‘ಒಂದೇ ಸಿಟ್ಟಿಂಗ್, ಸಂಜೆ ಮನೆಗೆ, ಈ ತಿಂಗಳು ಮಾತ್ರ ಆಫರ್’ ಎನ್ನುವವರಂತೂ ಬೇಡವೇ ಬೇಡ. ಮೈಸೂರಿನಲ್ಲಿ ಮಾಡಿಸಿಕೊಳ್ಳುವುದೋ ಬೆಂಗಳೂರಿನಲ್ಲೋ ಎಂಬುದು ಅನುಭವದ ಪ್ರಶ್ನೆ. ನನ್ನನ್ನು ಕೇಳಿದರೆ, ದೂರ ಇದ್ದರೂ ಲಿಪಿಡೀಮಾದ ಕಾಲು ಕಂಡ ಕೈಯೇ ಮೇಲು.

ಹೆಜ್ಜೆ 8: ಹಣ ಮತ್ತು ವಿಮೆ

ಒಂದು ಸಲದ ಖರ್ಚಲ್ಲ, ಎಲ್ಲಾ ಸಲದ ಒಟ್ಟು ಅಂದಾಜನ್ನು ಬರಹದಲ್ಲಿ ಕೇಳಿ. ಕಾಲುಚೀಲ, ಫಿಜಿಯೊಥೆರಪಿ, ಡಾಪ್ಲರ್, ರೂಮ್ ಬಾಡಿಗೆ ಅದರಲ್ಲಿ ಸೇರಿರಲಿ. ಸೌಂದರ್ಯಕ್ಕೆಂದು ಮಾಡುವ ಶಸ್ತ್ರಚಿಕಿತ್ಸೆಗೆ ಜಿಎಸ್‌ಟಿ ಬೀಳುತ್ತದೆ. ನಿಮ್ಮ ಬಿಲ್ ಯಾವ ತಲೆಬರಹದಡಿ ಬರುತ್ತದೆ ಎಂದು ಮೊದಲೇ ವಿಚಾರಿಸಿ.

ಆರೋಗ್ಯ ವಿಮೆಗಳಲ್ಲಿ ಕಾಸ್ಮೆಟಿಕ್ ಮತ್ತು ಪ್ಲಾಸ್ಟಿಕ್ ಸರ್ಜರಿಯನ್ನು ಹೊರಗಿಡುವ ಷರತ್ತು ಇದೆ, ಪಾಲಿಸಿಯಲ್ಲಿ ಅದು ಎಂಟನೇ ಹೊರಪಡಿಕೆ ಸಂಕೇತದಡಿ ಇರುತ್ತದೆ. ಅಪಘಾತ, ಸುಟ್ಟ ಗಾಯ, ಕ್ಯಾನ್ಸರ್ ನಂತರದ ಮರುರಚನೆ ಅಥವಾ ನೇರವಾದ, ತಕ್ಷಣದ ಆರೋಗ್ಯದ ಅಪಾಯ ನಿವಾರಿಸಲು ಅಗತ್ಯವಾದ ಚಿಕಿತ್ಸೆಗೆ ಮಾತ್ರ ವಿನಾಯಿತಿ. ಈ ಕಿಂಡಿ ಕಿರಿದು, ಹೆಚ್ಚಿನ ಕ್ಲೇಮುಗಳು ಇಲ್ಲೇ ಬೀಳುತ್ತವೆ. ಆದರೂ ಶಸ್ತ್ರಚಿಕಿತ್ಸೆಗೆ ಮೊದಲೇ, ರೋಗನಿರ್ಣಯದ ಚೀಟಿ, ಆರು ತಿಂಗಳ ಚಿಕಿತ್ಸೆಯ ದಾಖಲೆ, ನೋವಿನ ನೋಟ್‌ಬುಕ್, ನಡಿಗೆಯ ತೊಂದರೆ ಬಗ್ಗೆ ವೈದ್ಯರ ಪತ್ರ ಇಟ್ಟು ಪೂರ್ವಾನುಮತಿ ಕೇಳಿ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಪಡೆಯಿರಿ. ಕಂಪನಿಯ ದೂರು ವಿಭಾಗದ ನಂತರ ವಿಮೆಯ ದೂರು ಇತ್ಯರ್ಥ ಮಾಡುವ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. ಸರ್ಕಾರಿ ಯೋಜನೆಯ ಕಾರ್ಡ್ ಇರುವವರು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ಲೈಪೊಸಕ್ಷನ್‌ಗೆ ಸಾಲ ಮಾಡಿ, ಒಡವೆ ಇಟ್ಟು ಮುಂದಾಗುವ ಮೊದಲು ಆ ಹಣದಲ್ಲಿ ಒಳ್ಳೆಯ ಕಾಲುಚೀಲ ಮತ್ತು ಒಂದು ವರ್ಷದ ಫಿಜಿಯೊಥೆರಪಿ ಬರುತ್ತದೆಂಬ ಲೆಕ್ಕವನ್ನೂ ಹಾಕಿ.

ಹೆಜ್ಜೆ 9: ಶಸ್ತ್ರಚಿಕಿತ್ಸೆಯ ಆಸುಪಾಸು

ಕೆಲವು ವಾರ ಮೊದಲು ನೀವು ನುಂಗುವ ಎಲ್ಲದರ ಪಟ್ಟಿ ಕೊಡಿ. ಗರ್ಭನಿರೋಧಕ ಮಾತ್ರೆ, ಆಸ್ಪಿರಿನ್, ನೋವಿನ ಮಾತ್ರೆ, ಮೀನೆಣ್ಣೆ, ಬೆಳ್ಳುಳ್ಳಿ ಕ್ಯಾಪ್ಸೂಲ್, ನಾಟಿ ಔಷಧ, ಆಯುರ್ವೇದದ ಲೇಹ್ಯ ಯಾವುದನ್ನೂ ‘ಅದೇನು ಔಷಧಿನಾ’ ಎಂದು ಬಿಡಬೇಡಿ. ಯಾವುದನ್ನು ಯಾವಾಗ ನಿಲ್ಲಿಸಬೇಕೆಂದು ವೈದ್ಯರೇ ಹೇಳಲಿ.

ಮುಗಿದ ದಿನ ರಂಧ್ರಗಳಿಂದ ನಸುಗೆಂಪು ನೀರು ಸೋರುತ್ತದೆ. ಹಾಸಿಗೆ ಒದ್ದೆಯಾದದ್ದು ನೋಡಿ ಮನೆಯವರು ಗಾಬರಿಯಾಗುತ್ತಾರೆ, ಮೊದಲೇ ಹೇಳಿಟ್ಟು ರಬ್ಬರ್ ಶೀಟ್, ಹಳೇ ಹತ್ತಿ ಸೀರೆ ಸಿದ್ಧ ಮಾಡಿಟ್ಟುಕೊಳ್ಳಿ. ಮೊದಲ ಸಲ ಎದ್ದು ನಿಂತಾಗ ತಲೆಸುತ್ತು ಬರುವುದು ಸಾಮಾನ್ಯ, ಒಬ್ಬರೇ ಬಚ್ಚಲಿಗೆ ಹೋಗಬೇಡಿ. ಲಿಗ್ನೊಕೇನ್‌ನ ಕಾರಣಕ್ಕೆ ಆ ರಾತ್ರಿ ಎಚ್ಚರವಾಗಿರುವ ಒಬ್ಬರು ಪಕ್ಕದಲ್ಲಿರಲಿ. ಬಾಣಂತಿಯ ಹಾಗೆ ಮಲಗಿಸಿಬಿಡುವ ಅಕ್ಕರೆ ಇಲ್ಲಿ ಅಪಾಯ: ಅವತ್ತೇ ಸಂಜೆಯಿಂದ ಆಗಾಗ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು, ಮಲಗಿದ್ದಾಗಲೂ ಪಾದ ಮೇಲೆ ಕೆಳಗೆ ಆಡಿಸುತ್ತಿರಬೇಕು.

ಬೆಂಗಳೂರಿನಲ್ಲಿ ಮಾಡಿಸಿಕೊಂಡವರು ಊರಿಗೆ ಬರುವ ದಿನವನ್ನು ವೈದ್ಯರಿಂದಲೇ ಗೊತ್ತು ಮಾಡಿಸಿ. ಎಕ್ಸ್‌ಪ್ರೆಸ್‌ವೇಯಲ್ಲಿ ಎರಡೇ ಗಂಟೆ ಎಂದು ಕಾಲು ಮಡಿಸಿ ಕೂತು ಬರುವುದು ಬೇಡ, ಮಧ್ಯೆ ಇಳಿದು ಓಡಾಡಿ.

ಎದೆನೋವು, ಉಸಿರು ಕಟ್ಟುವುದು, ಒಂದೇ ಮೀನಖಂಡ ಊದಿ ಬಿಗಿಯಾಗುವುದು, ಗೊಂದಲ, ಮೂತ್ರ ಬಾರದಿರುವುದು, ಜ್ವರದೊಂದಿಗೆ ಚರ್ಮ ಕಪ್ಪಾಗುವುದು ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ, ಶಸ್ತ್ರಚಿಕಿತ್ಸೆ ಆಗಿದೆ ಎಂದು ಮೊದಲ ವಾಕ್ಯದಲ್ಲೇ ಹೇಳಿ.

ಹೆಜ್ಜೆ 10: ಆಮೇಲಿನ ತಿಂಗಳುಗಳು

ಒತ್ತಡದ ಉಡುಪನ್ನು ಮೊದಲ ನಾಲ್ಕರಿಂದ ಆರು ವಾರ ಹೆಚ್ಚುಕಡಿಮೆ ಹಗಲೂ ರಾತ್ರಿ ಹಾಕಿಕೊಳ್ಳಬೇಕಾಗುತ್ತದೆ. ಹಾಗಾಗಿ ಬೇಸಿಗೆ ಬಿಟ್ಟು, ದಸರಾ ಕಳೆದ ಮೇಲಿನ ಚಳಿಗಾಲಕ್ಕೆ ದಿನ ಇಟ್ಟುಕೊಂಡರೆ ಅರ್ಧ ಹಿಂಸೆ ತಪ್ಪುತ್ತದೆ. ಎರಡು ಜೊತೆ ಇರಲಿ, ಒಂದು ಒಗೆದಾಗ ಇನ್ನೊಂದು. ಕೂತು ಮಾಡುವ ಕೆಲಸಕ್ಕೆ ಒಂದೆರಡು ವಾರದಲ್ಲಿ ಮರಳಬಹುದು. ಗದ್ದೆ, ಕಬ್ಬು ಕಟಾವು, ಕೊಟ್ಟಿಗೆಯ ಕೆಲಸಕ್ಕೆ ಇನ್ನೂ ಸಮಯ ಬೇಕು. ರಂಧ್ರ ಪೂರ್ತಿ ಮಾಯುವ ತನಕ ಕೆಸರಿಗೆ, ಕೆರೆ ನೀರಿಗೆ, ಈಜುಕೊಳಕ್ಕೆ ಇಳಿಯಬೇಡಿ.

ಮೊದಲ ತಿಂಗಳು ಕಾಲು ಮೊದಲಿಗಿಂತ ದಪ್ಪಗೇ ಕಾಣಬಹುದು, ಅದು ಊತ. ಗಟ್ಟಿ ಗಂಟುಗಳು ಕೈಗೆ ಸಿಗುತ್ತವೆ, ಜೋಮು ಬಿಡುವಾಗ ಇರುವೆ ಹರಿದಂತೆ ಚುರುಗುಟ್ಟುತ್ತದೆ. ಫಲ ಗೊತ್ತಾಗಲು ಮೂರರಿಂದ ಆರು ತಿಂಗಳು ಬೇಕು. ಎರಡನೇ ಸಲ ಮಾಡಿಸಬೇಕೇ ಎಂಬುದನ್ನು ಅಲ್ಲಿಯವರೆಗಿನ ನೋವಿನ ಅಂಕ ನೋಡಿ ತೀರ್ಮಾನಿಸಿ. ಏಳಿದ್ದದ್ದು ಮೂರಕ್ಕೆ ಇಳಿದು, ನಡಿಗೆ ಸಲೀಸಾಗಿದ್ದರೆ, ಉಳಿದ ಸುತ್ತು ಮಾಡಿಸದೆ ನಿಲ್ಲಿಸುವ ಹಕ್ಕೂ ನಿಮಗಿದೆ, ಮೊದಲೇ ಪ್ಯಾಕೇಜಿನ ಪೂರ್ತಿ ಹಣ ಕಟ್ಟಬೇಡಿ ಎನ್ನುವುದು ಇದಕ್ಕೇ.